ಭಾವನ ಫೋರ್ಕು ಗಟ್ಟಿಯಾದದ್ದು

ಒಂದೇ ದೂರನ್ನು ಒಂದೇ ಗಿರಾಕಿಯ ಬಾಯಿಂದ ಮೂರು ಸಲ ಕೇಳುವುದೆಂದರೆ ಮೆಕ್ಯಾನಿಕ್ಕು ಮುಖಕ್ಕೆ ಮೂರು ಸಲ ಉಗಿಸಿಕೊಂಡ ಹಾಗೆ. ಉಗಿದವರು ಅಕ್ಕನ ಗಂಡನಾಗಿದ್ದರೆ ತಿರುಗಿ ಉಗಿಯುವ ಹಾಗೂ ಇಲ್ಲ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಭಾವ ಸೈಕಲ್ಲು ತಳ್ಳಿಕೊಂಡು ಬಂದು, ಅಂಗಡಿಯ ಮೆಟ್ಟಿಲಿಗೆ ಮುಂದಿನ ಚಕ್ರ ತಾಗಿಸಿ ನಿಲ್ಲಿಸಿ, ಅಕ್ಟೋಬರಿನಲ್ಲಿ ಹೇಳಿದ್ದನ್ನೇ, ಜನವರಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು.

“ಇನ್ನೂ ಗಟ್ಟಿಯಾಗೇ ಇದೆ ಕಣೋ.”

“ಏನು ಗಟ್ಟಿ?”

“ಫೋರ್ಕು. ಮತ್ತಿನ್ನೇನು, ನನ್ನ ತಲೇನಾ?”

“ಅದೂ ಇರಬಹುದು” ಎಂದೆ.

ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿಗೆ ತಲೆನೋವು ಬರುವಂಥ ಕೆಲಸ. ಹಿಂದೊಮ್ಮೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು, ಒಳಗೆ ಈಗಲೂ ಎರಡು ಕಬ್ಬಿಣದ ಕಡ್ಡಿಗಳಿವೆ. ಅವರ ಮನೆಯಿಂದ ಕನ್ನಡಕದ ಅಂಗಡಿಗೆ ಹೋಗುವ ದಾರಿ ಇಳಿಜಾರು, ಪೂರ್ತಿ ಕಲ್ಲುಹಾಸು. ಮಾಮೂಲಿ ಸೈಕಲ್ಲಿನಲ್ಲಿ ಆ ದಾರಿ ಇಳಿದರೆ ಮಧ್ಯಾಹ್ನದವರೆಗೆ ಕೈ ಜೋಮು ಹಿಡಿಯುತ್ತದೆ. ಹಾಗಾಗಿಯೇ ಹದಿನೆಂಟು ವರ್ಷದ ಹಿಂದೆ ನಾನೇ ಹುಡುಕಿ ಈ ಫೋರ್ಕು ಹಾಕಿಕೊಟ್ಟೆ. ಮುಂದಿನ ಚಕ್ರವನ್ನು ಎರಡು ಕಡೆಯಿಂದ ಹಿಡಿದಿರುವ ಕವಲು ಅದು. ಅದರ ಕಾಲುಗಳು ಒಂದರೊಳಗೊಂದು ಜಾರುವ ಕೊಳವೆಗಳು, ಒಳಗೆ ಗಾಳಿ ಮತ್ತು ಎಣ್ಣೆ. ಹಳ್ಳ ಸಿಕ್ಕಾಗ ಕುಗ್ಗುತ್ತದೆ, ದಾಟಿದ ಮೇಲೆ ಎದ್ದು ನಿಲ್ಲುತ್ತದೆ. ಸವಾರನ ಕೈಗೆ ಹೋಗಬೇಕಾದ ಪೆಟ್ಟನ್ನು ತಾನು ನುಂಗುತ್ತದೆ. ನುಂಗುವುದನ್ನು ಬಿಟ್ಟರೆ ನಾವು ಗಟ್ಟಿಯಾಗಿದೆ ಎನ್ನುತ್ತೇವೆ.

ಇದನ್ನು ತಯಾರಿಸಿದವರು ಬಿಡಿಭಾಗ ಕೊಡುವುದನ್ನು ನಿಲ್ಲಿಸಿ ಹತ್ತು ವರ್ಷದ ಮೇಲಾಯಿತು. ಹೊಸ ಫೋರ್ಕುಗಳ ಕತ್ತು ದಪ್ಪ, ಈ ಸೈಕಲ್ಲಿಗೆ ಕೂರುವುದಿಲ್ಲ. ಇದು ಹೋದರೆ ಸೈಕಲ್ಲೇ ಹೋದ ಹಾಗೆ.

“ಈ ಸಲವೂ ಸರಿಹೋಗದೇ ಇದ್ರೆ ಬಿಟ್ಟುಬಿಡ್ತೀನಿ” ಎಂದರು ಭಾವ. “ಬಸ್ಸಿಗೆ ಹೋಗ್ತೀನಿ. ಸೈಕಲ್ಲು ನೀನೇ ಇಟ್ಕೊ.”

ಮೂವತ್ತು ವರ್ಷದಿಂದ ಅವರು ಬಸ್ಸು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಬಸ್ಸಿನಲ್ಲಿ ಹೋಗುವವರನ್ನು ‘ಸಾಮಾನು’ ಎಂದು ಕರೆಯುವ ಮನುಷ್ಯ. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಅವಮಾನವಾಯಿತು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದೆ. “ಓಡಿಸೋಕೆ ಬರದೇ ಇದ್ರೆ ಫೋರ್ಕು ಏನ್ ಮಾಡುತ್ತೆ ಭಾವ?”

ಪಕ್ಕದ ಗೂಡಂಗಡಿಯ ಬೀಗದವನಿಗೆ ಇಂಥದ್ದು ಕೇಳಿದರೆ ಅರ ಉಜ್ಜುವ ಕೈ ತಾನಾಗಿ ನಿಲ್ಲುತ್ತದೆ. ಕೀಲಿಕೈ ಬಾಯಲ್ಲಿ ಕಚ್ಚಿಕೊಂಡೇ ಹೇಳಿದ: “ಭಾವ ಭಾಮೈದರ ಜಗಳದಲ್ಲಿ ಫೋರ್ಕು ಬಡವಾಯ್ತು.”

ಮೂವರೂ ನಕ್ಕೆವು. ಭಾವ ಸೈಕಲ್ಲು ಬಿಟ್ಟು ಹೊರಟರು. ಎರಡು ಹೆಜ್ಜೆ ಹೋದವರು ತಿರುಗಿ ಬಂದರು.

“ಆ ತೂತು ಹೊಡೆಯೋ ಇಕ್ಕಳ ಒಂದು ನಿಮಿಷ ಕೊಡು. ಕನ್ನಡಕದ ಪೆಟ್ಟಿಗೆ ಪಟ್ಟಿ ಸಡಿಲ ಆಗಿದೆ.”

ಅಕ್ಟೋಬರಿನಲ್ಲೂ, ಜನವರಿಯಲ್ಲೂ ಅದೇ ಪಟ್ಟಿಗೆ ಅದೇ ಇಕ್ಕಳ ಕೇಳಿದ್ದರು. ಎಂಥ ಪಟ್ಟಿಯಪ್ಪಾ ಇದು, ದಿನಾ ಉದ್ದ ಬೆಳೆಯುತ್ತಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ತಲೆಯೊಳಗೆ ಫೋರ್ಕು ಕೂತಿತ್ತು. ಅವರು ಅಂಗಡಿಯ ಹಿಂದಕ್ಕೆ ಹೋಗಿ ಇಕ್ಕಳದ ಕೆಲಸ ಮುಗಿಸಿ, ಕೊಕ್ಕೆಗೆ ನೇತುಹಾಕಿ ಹೋದರು. ಎರವಲು ಪಡೆದ ವಸ್ತುವನ್ನು ಇದ್ದ ಜಾಗದಲ್ಲೇ ಇಡುವ ಒಬ್ಬನೇ ಮನುಷ್ಯ ನಮ್ಮ ಭಾವ. ಆ ಒಂದು ಗುಣಕ್ಕೆ ಅವರ ನೂರು ಮಾತು ಕ್ಷಮಿಸಬಹುದು.

ನಾನು ಕೆಲಸದ ಪುಸ್ತಕ ತೆಗೆದೆ. ಗಿರಾಕಿ ಹೇಳಿದ ದೂರನ್ನು ಅವನ ಬಾಯಿಂದ ಬಂದ ಹಾಗೆಯೇ ಬರೆದುಕೊಳ್ಳುವುದು ನನ್ನ ಅಭ್ಯಾಸ. ‘ಕಟಕಟ ಅಂತದೆ’ ಎಂದರೆ ಕಟಕಟ, ‘ಬೆಕ್ಕಿನ ಥರ ಅಳುತ್ತೆ’ ಎಂದರೆ ಬೆಕ್ಕು. ನಮ್ಮ ಬುದ್ಧಿ ಸೇರಿಸಿ ಬರೆದರೆ ರಿಪೇರಿ ಅಡ್ಡದಾರಿ ಹಿಡಿಯುತ್ತದೆ. ಅಕ್ಟೋಬರ್ ಹನ್ನೊಂದು: ‘ಭಾವ. ಫೋರ್ಕು ಗಟ್ಟಿಯಾಗಿದೆ.’ ಜನವರಿ ಆರು: ‘ಭಾವ. ಮತ್ತೆ ಗಟ್ಟಿ, ಮೊದಲಿಗಿಂತ ಜಾಸ್ತಿ.’ ಈಗ ಮೂರನೆಯದನ್ನು ಬರೆದೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು.

ಅಕ್ಟೋಬರಿನಲ್ಲಿ ಎಣ್ಣೆ ಬದಲಿಸಿದ್ದೆ. ಜನವರಿಯಲ್ಲಿ ಸೀಲು ಬದಲಿಸಿದ್ದೆ. ಸೀಲು ಎಂದರೆ ಕೊಳವೆಯ ಬಾಯಿಗೆ ಕೂರುವ ರಬ್ಬರ್ ಬಳೆ, ಧೂಳು ಒಳಗೆ ಹೋಗದಂತೆ, ಎಣ್ಣೆ ಹೊರಗೆ ಬರದಂತೆ ಕಾಯುವುದು. ಈ ಫೋರ್ಕಿನ ಕೊನೆಯ ಜೋಡಿ ಸೀಲನ್ನು ಹತ್ತು ವರ್ಷದಿಂದ ಡ್ರಾಯರಿನಲ್ಲಿ ಪುಡಿ ಹಚ್ಚಿ, ಬಟ್ಟೆ ಸುತ್ತಿ ಇಟ್ಟುಕೊಂಡಿದ್ದೆ. ಅದನ್ನು ಹಾಕಿದ ದಿನ ಭಾವನಿಗೆ ಫೋನ್ ಮಾಡಿ, “ಸೀಲು ಹೋಗಿತ್ತು. ಹದಿನೆಂಟು ವರ್ಷ ಆಯ್ತಲ್ಲ, ವಯಸ್ಸಾಗಿದೆ ಅದಕ್ಕೆ. ಇನ್ನೇನೂ ಇಲ್ಲ” ಎಂದು ಹೇಳಿದ್ದೆ. ಅವರು, “ಹಾಗಾದ್ರೆ ಫೋರ್ಕಿಂದೇ ತೊಂದರೆ ಅಂತೀಯ” ಎಂದಿದ್ದರು. ದನಿಯಲ್ಲಿ ಖುಷಿಯಿತ್ತು. ನನ್ನ ಕೆಲಸ ಮೆಚ್ಚಿದರು ಎಂದುಕೊಂಡು ನಾನೂ ಖುಷಿಪಟ್ಟೆ.

ಈಗ ಮತ್ತೆ ಬಿಚ್ಚಿದೆ. ಚಕ್ರ ತೆಗೆದೆ. ಗಾಳಿ ಬಿಟ್ಟೆ. ಎರಡೂ ಕಾಲುಗಳ ತಳದ ಬೋಲ್ಟುಗಳನ್ನು ನಾಲ್ಕು ಸುತ್ತು ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಕೆಳಗಿನ ಭಾಗ ಕಳಚಿ ಕೈಗೆ ಬಂತು. ತಟ್ಟೆಗೆ ಸುರಿದ ಎಣ್ಣೆ ಇನ್ನೂ ಜೇನಿನ ಬಣ್ಣದಲ್ಲೇ ಇತ್ತು, ಕಪ್ಪಾಗಿರಲಿಲ್ಲ. ಸೀಲುಗಳು ಹೊಚ್ಚ ಹೊಸದಾಗಿದ್ದವು. ಒಳಗಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಸವರಿದೆ. ಬಲಗಾಲಿನ ಹಿಂಭಾಗದಲ್ಲಿ ಹೊಳಪು ಸ್ವಲ್ಪ ಸವೆದಿತ್ತು, ಅಷ್ಟೆ. ಉಗುರು ಎಲ್ಲೂ ತಡೆಯಲಿಲ್ಲ. ಎಣ್ಣೆಯಲ್ಲಿ ನೆನೆಸಿದ ಸ್ಪಂಜಿನ ಬಳೆಗಳನ್ನು ಕೂರಿಸಿ, ಸಿರಿಂಜಿನಲ್ಲಿ ಅಳೆದು ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದೆ. ಮಧ್ಯಾಹ್ನ ಎರಡಾಯಿತು. ಹುಡುಕಿದ್ದು ಸಿಗದೇ ಹೋದರೆ ನನಗೆ ಊಟ ಸೇರುವುದಿಲ್ಲ.

ಕೊನೆಯ ಕೆಲಸ ಗಾಳಿ ತುಂಬುವುದು. ಎಷ್ಟು ಗಾಳಿ ಎನ್ನುವುದು ಸವಾರನ ತೂಕದ ಮೇಲೆ ನಿಂತಿದೆ. ಸವಾರ ಸುಮ್ಮನೆ ಸೀಟಿನ ಮೇಲೆ ಕೂತಾಗ ಫೋರ್ಕು ಎರಡು ಬೆರಳು ಕುಗ್ಗಬೇಕು. ಕೊಳವೆಯ ಮೇಲೆ ಒಂದು ಕಪ್ಪು ರಬ್ಬರ್ ಉಂಗುರ ಇರುತ್ತದೆ, ಕುಗ್ಗಿದಾಗ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಕೆಳಗೆ ಎಷ್ಟು ಜಾಗ ಬಿಟ್ಟಿದೆ ಎಂದು ಬೆರಳಿಟ್ಟು ನೋಡಿದರೆ ಆಯಿತು. ಹೊಸ ಗಿರಾಕಿಯನ್ನು ಕೂರಿಸಿ ಅಳೆಯುತ್ತೇನೆ. ಹಳಬರನ್ನು ಯಾಕೆ ಕೂರಿಸಬೇಕು? ಅವರ ಗಾಳಿಯ ಅಂಕಿಗಳೆಲ್ಲ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಮಸಿಯಲ್ಲಿ ಬರೆದಿವೆ. ಭಾವನದು ಎಂಬತ್ತೈದು ಪೌಂಡು. ಅದನ್ನಂತೂ ರಟ್ಟು ನೋಡದೆ ಹೇಳುತ್ತೇನೆ. ಹೆಂಡತಿಯ ಹುಟ್ಟಿದ ದಿನ ಮರೆತು ಬೈಸಿಕೊಂಡಿದ್ದೇನೆ, ಭಾವನ ಗಾಳಿ ಮರೆತಿಲ್ಲ.

ಎಂಬತ್ತೈದು ತುಂಬಿದೆ. ಸೈಕಲ್ಲನ್ನು ದಿಟ್ಟಿಸಿದೆ. ಆಮೇಲೆ ಗೋಡೆಗೆ ಕೈಕೊಟ್ಟು ನಾನೇ ಹತ್ತಿ ಕೂತೆ.

ನನ್ನ ತೂಕ, ಭಾವನ ತೂಕ ಒಂದೇ. ಅಕ್ಕನ ಮಾತಿನಲ್ಲಿ ಹೇಳುವುದಾದರೆ ‘ಒಂದೇ ಅಂಗಡಿಯ ಎರಡು ಮೂಟೆ’. ಒಬ್ಬರ ಅಂಗಿ ಒಬ್ಬರಿಗಾಗುತ್ತದೆ. ಯಾರ ಹೊಟ್ಟೆ ಮುಂದಿದೆ ಎನ್ನುವುದು ಮನೆಯಲ್ಲಿ ಇಪ್ಪತ್ತು ವರ್ಷದಿಂದ ನಡೆಯುತ್ತಿರುವ ತಮಾಷೆ. ಇಳಿದು ಉಂಗುರ ನೋಡಿದೆ. ಎರಡು ಬೆರಳು. ಕೂದಲಿನಷ್ಟು ಆಚೆ ಇಲ್ಲ, ಈಚೆ ಇಲ್ಲ.

ಗೆದ್ದೆ ಎನಿಸಿತು. ಫೋರ್ಕು ಸರಿಯಾಗಿದೆ, ದೂರು ಕೊಟ್ಟವರೇ ಸರಿಯಿಲ್ಲ. ಕನ್ನಡಕದ ಅಂಗಡಿಗೆ ಫೋನ್ ಮಾಡಿ, ಬಿಸಿಲಿರುವಾಗಲೇ ಬರಬೇಕು, ಎಲ್ಲರೆದುರಿಗೇ ತೋರಿಸುತ್ತೇನೆ ಎಂದು ಹೇಳಿದೆ. ಬೀಗದವನಿಗೂ ಆಹ್ವಾನ ಕೊಟ್ಟೆ.

ಭಾವ ಐದು ಗಂಟೆಗೆ ಬಂದರು. ದಪ್ಪ ಕೋಟು ಹಾಕಿದ್ದರು. ಮಾರ್ಚಿನ ಬಿಸಿಲಿಗೆ ಬೀಗದವನು ಅಂಗಿಯ ಎರಡು ಗುಂಡಿ ಬಿಚ್ಚಿ ಕೂತಿದ್ದ.

“ಹತ್ತಿ” ಎಂದೆ.

“ಯಾಕೆ? ನೀನು ನೋಡಿದ್ದೀಯಲ್ಲ, ಸಾಕು. ಓಡಿಸಿಕೊಂಡು ಹೋಗ್ತೀನಿ.”

“ಹತ್ತಿ ಭಾವ. ಇವತ್ತು ಇತ್ಯರ್ಥ ಆಗ್ಲಿ.”

“ಸೊಂಟ ಹಿಡ್ಕೊಂಡಿದೆ.”

“ಸೊಂಟ ಹಿಡ್ಕೊಂಡಿರೋರು ಬೆಳಗ್ಗೆ ಹೇಗೆ ಬಂದ್ರಿ?”

“ತಳ್ಕೊಂಡು ಬಂದೆನಲ್ಲ” ಎಂದರು. ಅದು ನಿಜ. ಬೆಳಗ್ಗೆ ಅವರು ತಳ್ಳಿಕೊಂಡೇ ಬಂದಿದ್ದರು. ನಾನು ನೋಡಿಯೂ ನೋಡಿರಲಿಲ್ಲ.

ಬೀಗದವನು ನಗುತ್ತಿದ್ದ. ಅವನ ಎದುರಿಗೆ ಇನ್ನು ಹಟ ಮಾಡಿದರೆ ಚೆನ್ನಾಗಿರುವುದಿಲ್ಲ ಎಂದೋ ಏನೋ, ಭಾವ ಹತ್ತಿದರು. ಕೂತಾಗ ಸೈಕಲ್ಲು ಬೀಳದಂತೆ ಯಾರಾದರೂ ಹಿಡಿಯಬೇಕು. ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಿಂದ ಅವರ ತೋಳು ಹಿಡಿದೆ. ಕೋಟಿನೊಳಗೆ ತೋಳನ್ನು ಹುಡುಕಬೇಕಾಯಿತು. ಸಿಕ್ಕಿದಾಗ ನನ್ನ ಬೆರಳ ತುದಿಗಳು ಆ ಕಡೆಯಿಂದ ಬಂದು ಹೆಬ್ಬೆರಳಿಗೆ ತಾಗಿದವು.

ಉಂಗುರ ಒಂದು ಬೆರಳು ಸರಿದಿತ್ತು.

“ಕಾಲು ನೆಲಕ್ಕೆ ಕೊಟ್ಟಿದ್ದೀರಿ. ಎರಡೂ ಎತ್ತಿ.”

“ಎತ್ತೇ ಇದೀನಿ.”

ಬಗ್ಗಿ ನೋಡಿದೆ. ಎರಡೂ ಪಾದ ಪೆಡಲಿನ ಮೇಲಿದ್ದವು. ಉಂಗುರವನ್ನು ಕೆಳಗಿಳಿಸಿ ಮತ್ತೆ ಕೂರಿಸಿದೆ. ಒಂದು ಬೆರಳು. ಮೂರನೆಯ ಸಲ ಕೂರಿಸುವ ಧೈರ್ಯ ನನಗಾಗಲಿಲ್ಲ. ಬೀಗದವನು ಯಾಕೋ ನಗು ನಿಲ್ಲಿಸಿ, ಕಳೆದೇ ಹೋಗದ ಏನನ್ನೋ ಪೆಟ್ಟಿಗೆಯಲ್ಲಿ ಹುಡುಕತೊಡಗಿದ.

“ಇಳೀರಿ” ಎಂದೆ. “ಒಳಗೆ ಬನ್ನಿ.”

ಒಳಗೆ ಒಂದೇ ಸ್ಟೂಲು. ಅವರನ್ನು ಕೂರಿಸಿ ನಾನು ಟಯರುಗಳ ರಾಶಿಗೆ ಒರಗಿ ನಿಂತೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಕೊಳೆಯಾಗಿರಲಿಲ್ಲ.

“ಸ್ವಲ್ಪ ಗಾಳಿ ಬಿಡು” ಎಂದರು. “ಸರಿಹೋಗುತ್ತೆ.”

“ಗಾಳಿ ಬಿಟ್ರೆ ಸರಿಹೋಗುತ್ತೆ ಅಂತ ನಿಮಗೆ ಗೊತ್ತಿತ್ತಾ?”

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

“ಗೊತ್ತಿರಲಿಲ್ಲ ಅಂತ ಹೇಳಲ್ಲ. ಫೋರ್ಕೇ ಹಾಳಾಗಿರ್ಲಿ ಅಂತಿದ್ದೆ. ನೀನೂ ಪ್ರತಿ ಸಲ ಹಾಗೇ ಹೇಳ್ದೆ. ಎಣ್ಣೆ ಹೋಗಿದೆ, ಸೀಲು ಹೋಗಿದೆ, ವಯಸ್ಸಾಗಿದೆ ಅದಕ್ಕೆ ಅಂತ. ಮನೆಗೆ ಹೋಗೋವಾಗ ಎಷ್ಟು ಸಮಾಧಾನ ಆಗ್ತಿತ್ತು ಗೊತ್ತಾ. ಒಂದು ವಾರ ಚೆನ್ನಾಗಿ ನಿದ್ದೆ ಬರ್ತಿತ್ತು.”

“ಆ ಇಕ್ಕಳ?”

ಕೋಟು ಸರಿಸಿ ಬೆಲ್ಟು ತೋರಿಸಿದರು. ಕಾರ್ಖಾನೆಯ ತೂತುಗಳು ಮುಗಿದ ಮೇಲೆ ನನ್ನ ಇಕ್ಕಳದ ತೂತುಗಳು ಮೂರಿದ್ದವು. ಮೂರೂ ನೇರವಾಗಿ, ಸಮನಾದ ಅಂತರದಲ್ಲಿದ್ದವು. ಗಾಜು ಅಳೆಯುವ ಕೈ ಅದು.

“ಅಕ್ಕಂಗೆ?”

“ಸಕ್ಕರೆ ಬಿಟ್ಟಿದ್ದೀನಿ, ಅದಕ್ಕೇ ಇಳೀತಿದೀನಿ ಅಂದಿದ್ದೀನಿ. ಒಳಗೆ ಎರಡು ಬನಿಯನ್ ಹಾಕ್ತೀನಿ. ಅವಳಿಗೆ ಹೇಳ್ಬೇಡ ಕಣೋ.”

ನನಗೆ ಭಯವಾಯಿತು. ನನ್ನ ಭಯ ಹೊರಗೆ ಬರುವುದು ಯಾವಾಗಲೂ ಸಿಟ್ಟಿನ ಬಾಗಿಲಿನಿಂದಲೇ.

“ನಾನು ಹೇಳಲ್ಲ, ನೀವೇ ಹೇಳ್ತೀರ. ಇವತ್ತೇ. ಅಲ್ಲೀವರೆಗೆ ಸೈಕಲ್ಲು ಇಲ್ಲೇ ಇರುತ್ತೆ. ಗಾಳಿ ಒಂದು ಚಿಟಿಕೆನೂ ಬಿಡಲ್ಲ. ಎಂಬತ್ತೈದಕ್ಕೆ ಎರಡು ಬೆರಳು ಕುಗ್ಗೋ ಹಾಗೆ ನೀವು ಬನ್ನಿ. ಫೋರ್ಕಿನ ರಿಪೇರಿ ಮುಗೀತು, ಇನ್ನು ನಿಮ್ಮದು.”

ಅವರು ಆ ದಿನ ಬಸ್ಸಿನಲ್ಲಿ ಮನೆಗೆ ಹೋದರು.

ಮರುದಿನ ಡಾಕ್ಟರ ಬಳಿಗೆ ಮೂವರೂ ಹೋದೆವು. ಅಕ್ಕ ಶಾಲೆಯಲ್ಲಿ ಗಣಿತ ಕಲಿಸುವವಳು. ರಜೆ ಹಾಕಿ ಬಂದಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಭಾವನ ಕೋಟು, ಎರಡು ಬನಿಯನ್ ಎಲ್ಲ ತೆಗೆಸಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅರವತ್ತನಾಲ್ಕು ಕಿಲೋ. ನಾನು ಎಂಬತ್ತೆರಡು.

“ಎಷ್ಟು ದಿನದಿಂದ ತೂಕ ಇಳೀತಿದೆ?” ಎಂದು ಡಾಕ್ಟರು ಕೇಳಿದರು.

“ಒಂದು… ಒಂದೂವರೆ ತಿಂಗಳು” ಎಂದರು ಭಾವ.

ಹೀಗೇ ಹೇಳುತ್ತಾರೆಂದು ಗೊತ್ತಿದ್ದೇ ಕೆಲಸದ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ತೆಗೆದು ಓದಿದೆ. ಅಕ್ಟೋಬರ್ ಹನ್ನೊಂದು, ಗಟ್ಟಿಯಾಗಿದೆ. ಜನವರಿ ಆರು, ಮತ್ತೆ ಗಟ್ಟಿ, ಮೊದಲಿಗಿಂತ ಜಾಸ್ತಿ. ನಿನ್ನೆ, ಇನ್ನೂ ಗಟ್ಟಿಯಾಗೇ ಇದೆ.

“ಯಾವುದು ಗಟ್ಟಿ?”

“ಫೋರ್ಕು ಡಾಕ್ಟ್ರೇ. ಸೈಕಲ್ಲಿಂದು.”

ಎರಡು ಬೆರಳಿನ ಕಥೆ ಹೇಳಿದೆ. ಮೇಲೆ ಕೂತವರ ತೂಕ ಇಳಿದರೆ ಅದೇ ಗಾಳಿ ಅವರಿಗೆ ಹೆಚ್ಚಾಗುತ್ತದೆ, ಫೋರ್ಕು ಕುಗ್ಗುವುದಿಲ್ಲ, ಕೈಗೆ ಗಟ್ಟಿ ಎನಿಸುತ್ತದೆ. ಡಾಕ್ಟರು ನಗಲಿಲ್ಲ. ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ದಿನಾಂಕಗಳನ್ನು ನಕಲು ಮಾಡಿಕೊಂಡರು. ಆಮೇಲೆ ಭಾವನನ್ನು ಮಲಗಿಸಿ, ಹೊಟ್ಟೆಯನ್ನು ನಾಲ್ಕೂ ಕಡೆ ಒತ್ತಿ ನೋಡುತ್ತಾ ಹೋಗಿ, ಬಲಗಡೆ ಒಂದು ಜಾಗದಲ್ಲಿ ಬೆರಳು ನಿಲ್ಲಿಸಿದರು.

“ಇಲ್ಲಿ ಗಟ್ಟಿ ಇದೆ” ಎಂದರು.

ಅದೇ ಪದವನ್ನು ಆರು ತಿಂಗಳಲ್ಲಿ ನಾಲ್ಕನೆಯ ಸಲ ಕೇಳುತ್ತಿದ್ದೆ.

ಹೊರಗಿನ ಬೆಂಚಿನ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

“ನಿಂಗೆ ಅಕ್ಟೋಬರಲ್ಲೇ ಗೊತ್ತಿತ್ತಾ?”

“ಫೋರ್ಕಿಗೆ ಗೊತ್ತಿತ್ತು. ನನಗೆ ಗೊತ್ತಾಗಲಿಲ್ಲ.”

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ನಾನು ನಲವತ್ತು ಮಕ್ಕಳ ಪುಸ್ತಕದಲ್ಲಿ ಒಂದು ಸೊನ್ನೆ ತಪ್ಪಿದ್ರೂ ಹಿಡೀತೀನಿ” ಎಂದಳು. “ಪಕ್ಕದಲ್ಲೇ ಮಲಗೋ ಮನುಷ್ಯ ಹದಿನೆಂಟು ಕಿಲೋ ತಪ್ಪಿದ್ದಾನೆ. ಸಕ್ಕರೆ ಬಿಟ್ಟಿದ್ದಕ್ಕೆ ಭೇಷ್ ಅಂತಿದ್ದೆ ಕಣೋ.”

ಹೊಟ್ಟೆಯೊಳಗೆ ಗಡ್ಡೆ ಇತ್ತು. ಏಪ್ರಿಲ್‌ನಲ್ಲಿ ತೆಗೆದರು. ಶಸ್ತ್ರಚಿಕಿತ್ಸೆ ಮಾಡಿದವರು, ನಾಲ್ಕೈದು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ಕತ್ತರಿಸಬೇಕಾಗಿರಲಿಲ್ಲ ಎಂದರು. ಸುಮ್ಮನೆ, ವಿಷಯ ತಿಳಿಸುವ ಧಾಟಿಯಲ್ಲಿ ಹೇಳಿದ್ದು. ನಾನು ಅಲ್ಲೇ ಬೆರಳು ಮಡಚಿ ಎಣಿಸಿದೆ. ಅಕ್ಟೋಬರಿನಲ್ಲಿ ಒಮ್ಮೆ, ಒಂದೇ ಒಂದು ಸಲ, ಭಾವ ಹತ್ತಿ ಕೂರಿ ಎಂದಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ಬೀದಿಯಲ್ಲಿ ಹೋಗುವ ಯಾರು ಬಂದರೂ ಮಾಡುವ ಕೆಲಸ. ನಮ್ಮವರು ಎಂದು ಮಾಡಲಿಲ್ಲ. ಈ ಲೆಕ್ಕ ಈಗಲೂ ನನ್ನನ್ನು ಬಿಟ್ಟಿಲ್ಲ.

ನೋಡಲು ಹೋದಾಗ ಭಾವ ದಿಂಬಿಗೆ ಒರಗಿ ಕೂತಿದ್ದರು. ನನ್ನ ಮುಖ ಓದಿದರೇನೋ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ” ಎಂದರು. “ಪಾಪ ಎಮ್ಮೆ. ಮೂರು ಸಲ ಹಾಕಿಸ್ಕೊಳ್ತು, ತುಟಿ ಪಿಟಕ್ಕೆನ್ನಲಿಲ್ಲ. ಹೇಗಿದೆ ಅದು?”

“ಚೆನ್ನಾಗಿದೆ. ನಿಮಗೋಸ್ಕರ ಕಾಯ್ತಿದೆ.”

ಸೈಕಲ್ಲನ್ನು ಅಂಗಡಿಯ ಹಿಂದಿನ ಗೋಡೆಗೆ ನೇತುಹಾಕಿದ್ದೆ. ಹಳೆಯ ಫೋರ್ಕು, ಕೂತಲ್ಲೇ ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತದೆ. ವಾರ ಕಳೆಯುವಷ್ಟರಲ್ಲಿ ಪಂಪಿನ ಅಳತೆಯ ಮುಳ್ಳು ಎಂಬತ್ತಕ್ಕೆ ಬಂದಿರುತ್ತಿತ್ತು. ಪ್ರತಿ ಸೋಮವಾರ ಬಾಗಿಲು ತೆಗೆದ ಕೂಡಲೇ ಮೊದಲ ಕೆಲಸವೆಂದರೆ ಅದನ್ನು ಎಂಬತ್ತೈದಕ್ಕೆ ಏರಿಸುವುದು. ಯಾರೂ ಹತ್ತದ ಸೈಕಲ್ಲಿಗೆ ಯಾಕೆ ಗಾಳಿ ಎಂದು ಬೀಗದವನು ಒಮ್ಮೆ ಕೇಳಿದ. ನಿನ್ನ ಕೆಲಸ ನೋಡಿಕೊ ಎಂದೆ. ಎಂಬತ್ತೈದು ಇಳಿಯದಂತೆ ನೋಡಿಕೊಂಡರೆ ಭಾವ ಎಂಬತ್ತೆರಡು ಕಿಲೋ ಆಗಿ ಬರುತ್ತಾರೆ ಎಂದು ಎಲ್ಲೋ ನಂಬಿಕೊಂಡಿದ್ದೆ. ಇದನ್ನು ಬಾಯಿಬಿಟ್ಟು ಹೇಳಿದರೆ ನಗುತ್ತಾರೆ. ಐದಾರು ತಿಂಗಳು, ಒಂದು ಸೋಮವಾರವೂ ತಪ್ಪಿಸಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ, ಅಕ್ಕನ ಶಾಲೆ ಬಿಟ್ಟ ಮೇಲೆ, ಇಬ್ಬರೂ ಬಂದರು. ಭಾವ ನಿಧಾನವಾಗಿ, ಆದರೆ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದರು. ತೆಳುವಾದ ಅಂಗಿ ಹಾಕಿದ್ದರು. ಮುಚ್ಚಿಡುವುದು ಇನ್ನೇನೂ ಇರಲಿಲ್ಲ. ಕೋಟು ಅಕ್ಕನ ತೋಳಿನ ಮೇಲಿತ್ತು.

“ಸದ್ಯಕ್ಕೆ ಔಷಧಿ ಮುಗೀತು” ಎಂದಳು ಅಕ್ಕ. “ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದಾರೆ. ಮೆಲ್ಲಗೆ ಸೈಕಲ್ಲು ತುಳಿಯಬಹುದಂತೆ, ಸಮತಟ್ಟಾದ ಕಡೆ. ಅದನ್ನ ಕೇಳಿದಾಗಿನಿಂದ ಮನೇಲಿ ಕೂರ್ತಾ ಇಲ್ಲ.”

ಸೈಕಲ್ಲು ಇಳಿಸಿದೆ. ಧೂಳು ಇರಲಿಲ್ಲ, ಆದರೂ ಒರೆಸಿದೆ. “ಹತ್ತಿ” ಎಂದೆ. ಈ ಸಲ ಅವರು ಸೊಂಟದ ನೆಪ ಹೇಳಲಿಲ್ಲ. ನಾನು ತೋಳು ಹಿಡಿದೆ. ಹಿಡಿಯಲು ಹುಡುಕಬೇಕಾಗಲಿಲ್ಲ, ಅಂಗಿಯ ಕೆಳಗೆ ಎಲುಬೇ ಸಿಕ್ಕಿತು. ಕೂತರು. ಉಂಗುರ ನೋಡಿದೆ. ಬೆರಳಿಟ್ಟೆ. ನನ್ನ ದಪ್ಪ ಬೆರಳು ಒಂದೇ ಹಿಡಿಸಿತು.

“ಎಷ್ಟು?” ಎಂದರು.

ನಾನು ಬೆರಳು ಹಿಂದಕ್ಕೆ ತೆಗೆದೆ. ಅಳತೆಯಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವರು ಇಳಿದು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ತಮ್ಮ ಕೈಯ ಎರಡು ಬೆರಳುಗಳನ್ನು ಒಟ್ಟಿಗೆ ಹಿಡಿದು ಉಂಗುರದ ಕೆಳಗೆ ಇಟ್ಟರು. ಕಿರುಬೆರಳು ಮತ್ತು ಅದರ ಪಕ್ಕದ್ದು. ಒಣಕಡ್ಡಿಯಂತಿದ್ದ ಆ ಎರಡು ಬೆರಳು ಸರಿಯಾಗಿ ಹಿಡಿಸಿದವು.

“ನೋಡು, ನಿನ್ನ ಬೆರಳಲ್ಲಿ ಒಂದು. ನನ್ನ ಬೆರಳಲ್ಲಿ ಎರಡು. ಸೈಕಲ್ಲು ನಂದು ತಾನೇ?”

ಅಕ್ಕ ನಕ್ಕಳು. ನಗು ಅರ್ಧಕ್ಕೆ ಬಂದಾಗ ಮುಖ ಆಚೆ ತಿರುಗಿಸಿ ಗೋಡೆಯ ಮೇಲಿನ ಚೈನುಗಳನ್ನು ನೋಡುತ್ತಾ ನಿಂತಳು.

“ಇನ್ನೆರಡು ತಿಂಗಳು ತಡೀರಿ ಭಾವ” ಎಂದೆ. “ಚೆನ್ನಾಗಿ ಊಟ ಮಾಡಿ. ಅವತ್ತೇ ಹೇಳಿದ್ನಲ್ಲ, ಎಂಬತ್ತೈದಕ್ಕೆ ಎರಡು ಬೆರಳು. ನಾನು ಗಾಳಿ ಇಳಿಸಿಲ್ಲ, ಹಾಗೇ ಇಟ್ಟಿದ್ದೀನಿ.”

“ಯಾರಿಗೋಸ್ಕರ ಇಟ್ಟಿದ್ದೀಯ?”

“ನಿಮಗೋಸ್ಕರ.”

“ಅವನು ಬರಲ್ಲ ಕಣೋ” ಎಂದರು ಭಾವ. ದನಿಯಲ್ಲಿ ಬೇಸರವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. “ಬಂದ್ರೂ ಬರಬಹುದು, ಗೊತ್ತಿಲ್ಲ. ಇವತ್ತು ಕೂತಿರೋನು ನಾನು. ನಂಗೆ ಸರಿಮಾಡು.”

ಪಂಪು ನನ್ನ ಕೈಯಲ್ಲೇ ಇತ್ತು. ಮೂರು ಸಲ ಪುಸ್ತಕದ ರಟ್ಟಿನ ಅಂಕಿಗೇ ಗಾಳಿ ತುಂಬಿ ತಪ್ಪು ಮಾಡಿದವನು, ಪ್ರೀತಿ ಎಂದು ಹೆಸರಿಟ್ಟು ಅದನ್ನೇ ಪ್ರತಿ ಸೋಮವಾರ ಮಾಡುತ್ತಾ ಬಂದಿದ್ದೆ. ನೆಲ ಡೊಂಕಾಗಿರಲಿಲ್ಲ, ಭಾವನೂ ಕುಣಿಯಲಾರದವರಾಗಿರಲಿಲ್ಲ. ಕುಣಿತ ಬಾರದವನು ನಾನೇ.

ಪಂಪನ್ನು ಕವಾಟಕ್ಕೆ ಸಿಕ್ಕಿಸಿ, ಗಾಳಿ ಬಿಡುವ ಗುಂಡಿ ಒತ್ತಿದೆ. ಮುಳ್ಳು ಎಂಬತ್ತಕ್ಕೆ ಬಂತು. ಅವರನ್ನು ಕೂರಿಸಿ ನೋಡಿದೆ, ಸಾಲದು. ಎಪ್ಪತ್ತೆರಡು. ಮತ್ತೆ ಕೂರಿಸಿದೆ. ಅರವತ್ತೈದು. ಅವರು ಪ್ರತಿ ಸಲವೂ ಬೇಸರಿಸದೆ ಹತ್ತಿ, ಇಳಿದು, ಹತ್ತಿದರು. ಐವತ್ತೆಂಟಕ್ಕೆ ಉಂಗುರ ಸರಿಯಾಗಿ ಬಂದು ನಿಂತಿತು. ನನ್ನ ಬೆರಳಿನಲ್ಲೇ ಎರಡು.

ಭಾವ ಇಳಿಯಲಿಲ್ಲ. ಹಾಗೇ ಹೊರಟರು. ಬೀಗದವನು ಎದ್ದು ನಿಂತು ದಾರಿ ಬಿಟ್ಟ. 

ನಮ್ಮ ಬೀದಿಯ ಕೊನೆಯಲ್ಲಿ, ಚರಂಡಿಯ ಮುಚ್ಚಳ ಕೂತಿರುವ ಕಡೆ, ಒಂದು ಗುಂಡಿ ಇದೆ. ಯಾರೇ ಆದರೂ ಬಳಸಿಕೊಂಡು ಹೋಗುತ್ತಾರೆ. ಅವರು ಬೇಕೆಂದೇ ಅದರ ಮೇಲೆ ಬಿಟ್ಟರು. ಫೋರ್ಕು ಕುಗ್ಗಿತು, ಎದ್ದಿತು. ಅವರ ಭುಜ ಅಲುಗಲಿಲ್ಲ. ತಿರುಗಿಸಿಕೊಂಡು ಬಂದು ಇನ್ನೊಮ್ಮೆ ಅದರ ಮೇಲೆಯೇ ಬಿಟ್ಟರು. ಅಕ್ಕ, “ಸಾಕು ಬನ್ರೀ” ಎಂದು ಕೂಗಿದಳು.

ಬಂದು ಮೆಟ್ಟಿಲಿಗೆ ಚಕ್ರ ತಾಗಿಸಿ ನಿಂತರು. ಏದುಸಿರು ಬರುತ್ತಿತ್ತು, ಹಣೆಯಲ್ಲಿ ಬೆವರು. ನಾನು ಪುಸ್ತಕ ತೆಗೆದು ಅವರ ಬಾಯನ್ನೇ ನೋಡಿದೆ.

“ಗಟ್ಟಿ ಇಲ್ಲ” ಎಂದರು.

ಹಾಗೇ ಬರೆದೆ. ಆಮೇಲೆ ರಟ್ಟು ತಿರುಗಿಸಿ, ಮಸಿಯಲ್ಲಿದ್ದ ಎಂಬತ್ತೈದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಹೊಸ ಅಂಕಿ ಬರೆಯಲು ಹೊರಟೆ. ಅಕ್ಕ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಶಾಲೆಯ ಚೀಲದಲ್ಲಿ ಕೈಯಾಡಿಸಿ, ತುದಿ ಕಚ್ಚಿದ ಒಂದು ಪೆನ್ಸಿಲ್ಲು ಹುಡುಕಿ ಕೊಟ್ಟಳು.

“ಇದರಲ್ಲಿ ಬರಿ. ಅಳಿಸಬೇಕಾಗುತ್ತೆ.”

ಮೇಲಕ್ಕೋ, ಕೆಳಕ್ಕೋ ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಐವತ್ತೆಂಟು ಎಂದು ಪೆನ್ಸಿಲ್ಲಿನಲ್ಲಿ ಬರೆದು, ಮುಂದಿನ ಸಲ ಬಂದಾಗ ಮೊದಲು ಹತ್ತಿ ಕೂರಬೇಕು ಎಂದು ಭಾವನಿಗೆ ಹೇಳಿದೆ.